ಹೆಬ್ಬಗೋಡಿಯಿಂದ ಬೊಮ್ಮಸಂದ್ರಕ್ಕೆ: ಸಕ್ಕರೆ ಕಿಡ್ನಿಗಿಳಿಯುವ ಹಾದಿ

ಬೆಂಗಳೂರಿನ ಹಳದಿ ಮಾರ್ಗದ ಮೆಟ್ರೊ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಹೊಸೂರು ರಸ್ತೆಯ ಈ ತುದಿಗೆ ಬರುವುದು ಸಲೀಸಾಗಿದೆ. ನಾನು ಇಳಿದ ನಿಲ್ದಾಣದ ಹೆಸರು ಬಯೋಕಾನ್ ಹೆಬ್ಬಗೋಡಿ. ಯೀಸ್ಟ್‌ನಿಂದ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ಬಿಟ್ಟ ಕಂಪನಿ ಈ ಬಯೋಕಾನ್. ಮುಂದಿನ ನಿಲ್ದಾಣ ಬೊಮ್ಮಸಂದ್ರ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲೇ ನಾರಾಯಣ ಹೆಲ್ತ್ ಸಿಟಿಯೂ ಇದೆ. ಶುಗರ್‌ಗೆ ಮದ್ದು ಮಾಡುವವರಿಗೂ, ಶುಗರ್‌ನಿಂದ ಕಿಡ್ನಿ ಕಳೆದುಕೊಂಡವರು ಹುಡುಕಿ ಬರುವ ಆಸ್ಪತ್ರೆಗೂ ಇಷ್ಟೇ ಅಂತರ.

ಶಿಫ್ಟ್ ಬಿಡುವ ಹೊತ್ತಿಗೆ ರಸ್ತೆ ತುಂಬ ಕಂಪನಿ ಬಸ್ಸುಗಳು. ಟೀ ಅಂಗಡಿಗಳ ಮುಂದೆ ರಾತ್ರಿಪಾಳಿ ಮುಗಿಸಿದವರ ಗುಂಪು. ನಿದ್ದೆಗೆಟ್ಟ ರಾತ್ರಿಗಳು, ಹೊತ್ತಲ್ಲದ ಹೊತ್ತಿನ ಊಟ, ಮೇಲಿಂದ ಮೇಲೆ ಸಕ್ಕರೆ ಟೀ: ಶುಗರ್ ಬರಲು ಇವೆಲ್ಲ ದಾರಿ ಮಾಡಿಕೊಡುತ್ತವೆ. ಬೆನ್ನುನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ತಂದು ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆಯೂ ಕಿಡ್ನಿಯ ಪಾಲಿಗೆ ಕೆಟ್ಟದ್ದೇ.

ಆಸ್ಪತ್ರೆ ದಾರಿಯಲ್ಲಿ, ಡಯಾಲಿಸಿಸ್ ಸೂಜಿ ಚುಚ್ಚಿದ ತೋಳಿಗೆ ಪಟ್ಟಿ ಸುತ್ತಿಕೊಂಡು ಮನೆಯವರ ಹೆಗಲು ಹಿಡಿದು ನಡೆಯುವವರು ಕಾಣುತ್ತಾರೆ. ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ. ದಿನಗೂಲಿಯವರಿಗೆ ಅಷ್ಟು ದಿನಗಳ ಕೂಲಿಯೂ ಹೋದಂತೆ.

ಹತ್ತು ಹದಿನೈದು ವರ್ಷದಿಂದ ಶುಗರ್ ಇರುವವರ ಮನೆಯಲ್ಲಿ ಒಂದು ದಿನ ಖುಷಿಯ ಮಾತು ಕೇಳಿಬರುತ್ತದೆ: ‘ಈಗ ಶುಗರ್ ಕಂಟ್ರೋಲಿಗೆ ಬಂದಿದೆ, ಇಂಜೆಕ್ಷನ್ ಕಮ್ಮಿ ಮಾಡಿದ್ದೀವಿ.’ ನನಗೆ ಭಯವಾಗುವುದು ಈ ಮಾತಿಗೇ. ಮೈಯಲ್ಲಿನ ಇನ್ಸುಲಿನ್ನನ್ನು ಒಡೆದು ಹೊರಹಾಕುವ ಕೆಲಸದಲ್ಲಿ ಕಿಡ್ನಿಯದು ದೊಡ್ಡ ಪಾಲು. ಅದು ಸೋತರೆ ಚುಚ್ಚಿಕೊಂಡ ಇನ್ಸುಲಿನ್ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಇಳಿಸುವ ಮಾತ್ರೆಗಳೂ ಹಾಗೆಯೇ. ಕಿಡ್ನಿ ತಾನೇ ತಯಾರಿಸುತ್ತಿದ್ದ ಗ್ಲೂಕೋಸ್ ಕಮ್ಮಿಯಾಗುತ್ತದೆ, ಊಟ ಸೇರುವುದಿಲ್ಲ. ನಿನ್ನೆಯ ಡೋಸೇ ಇಂದು ನಡುರಾತ್ರಿ ಶುಗರ್ ಇಳಿಸಿ, ಬೆವರು, ನಡುಕ, ಪ್ರಜ್ಞೆ ತಪ್ಪುವ ತನಕ ಒಯ್ಯಬಹುದು. ರಕ್ತಹೀನತೆ ಇದ್ದರೆ ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ದಾರಿ ತಪ್ಪಿಸಬಹುದು. ವಾಸಿಯಾಯಿತೆಂದು ಸಂಭ್ರಮಿಸುವ ಹೊತ್ತಿನಲ್ಲೇ ಕಿಡ್ನಿ ಕೈಚೆಲ್ಲುತ್ತಿರಬಹುದು.

ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಜಾಲರಿಗಳಿವೆ. ಅವು ಹಾಳಾಗುವಾಗ ನೋವಿರುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲ ಏರುವಷ್ಟರಲ್ಲಿ ಬಹಳಷ್ಟು ಹೋಗಿರುತ್ತವೆ. ಸಾಮಾನ್ಯವಾಗಿ ಅದಕ್ಕೂ ಮೊದಲೇ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರತೊಡಗುತ್ತದೆ. ಆಗಲೇ ಗೊತ್ತಾದರೆ ಬಿಪಿ, ಶುಗರ್ ಹತೋಟಿಯಲ್ಲಿಟ್ಟು, ಇಂದು ಸಿಗುವ ಔಷಧಿಗಳಿಂದ ಹಾನಿಯನ್ನು ಬಹುಕಾಲ ನಿಧಾನಿಸಬಹುದು. ಇಲ್ಲಿನ ಕಾರ್ಖಾನೆಗಳ ಆರೋಗ್ಯ ತಪಾಸಣೆಯಲ್ಲಿ ಬೆರಳು ಚುಚ್ಚಿ ಶುಗರ್ ನೋಡಿ ಕಳಿಸಿದರೆ ಸಾಲದು. ಶುಗರ್ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಅಲ್ಬುಮಿನ್ ನೋಡುವ ಮೂತ್ರ ಪರೀಕ್ಷೆ ಆಗಲೇಬೇಕು.