ತಪ್ಪು ಮಗುವಿನದೋ, ಕೈಪಿಡಿಯದೋ?

ಸೋದರಿಯರೇ, ಯಾರಾದರೂ ನಿಮಗೆ ಮೈಸೂರು ಪಾಕ್ ಮಾಡುವ ವಿಧಾನವನ್ನು ಹೀಗೆ ಬರೆದುಕೊಟ್ಟರೆ ಏನು ಮಾಡುತ್ತೀರಿ? ‘ಸಕ್ಕರೆ, ಕಡಲೆಹಿಟ್ಟು, ತುಪ್ಪ ಸೇರಿಸಿ ಚಿತ್ರದಲ್ಲಿ ಕಾಣುವಂತೆ ತಯಾರಿಸಿ.’ ಸಕ್ಕರೆ ಎಷ್ಟು? ಪಾಕ ಎಷ್ಟು ಎಳೆ ಬರಬೇಕು? ತುಪ್ಪ ಕಾದಿರಬೇಕೋ ಬೇಡವೋ? ಒಂದೂ ಇಲ್ಲ. ಕೊನೆಗೆ ಪಾಕ ಕಲ್ಲಾದರೆ ಮನೆಯವರು ನಗುವುದು ಬರೆದವರನ್ನು ನೋಡಿ ಅಲ್ಲ, ನಿಮ್ಮನ್ನು ನೋಡಿ!

ಎಲೆಕ್ಟ್ರಾನಿಕ್ ಕಿಟ್ ತಂದುಕೊಂಡು ಕೂರುವ ಮಕ್ಕಳ ಪಾಡೂ ಅನೇಕ ವೇಳೆ ಇದೇ.

ಹೋದ ಬೇಸಿಗೆ ರಜೆಯಲ್ಲಿ ಏಳನೇ ತರಗತಿಯ ನಮ್ಮ ಮಗಳು ಹಠ ಹಿಡಿದು ಅಂಥದೊಂದು ಕಿಟ್ ತರಿಸಿಕೊಂಡಳು. ಮಿಣಮಿಣ ಮಿನುಗುವ ಪುಟ್ಟ ದೀಪ, 9 ವೋಲ್ಟಿನ ಬ್ಯಾಟರಿಯಲ್ಲಿ ನಡೆಯುವಂಥದು. ಪೆಟ್ಟಿಗೆಯೇನೋ ಬಲು ಚೆಂದ. ಒಳಗಿದ್ದ ಕೈಪಿಡಿ ಎಂದರೆ ಸಾಸಿವೆ ಕಾಳಿನಂಥ ಅಕ್ಷರದ ಒಂದೇ ಹಾಳೆ. ‘ಭಾಗಗಳನ್ನು ಚಿತ್ರದಂತೆ ಬೆಸುಗೆ ಹಾಕಿ, ಬ್ಯಾಟರಿ ಜೋಡಿಸಿ’ ಎಂದಿಷ್ಟೇ. ಹುಡುಗಿ ಎರಡು ದಿನ ಕೂತು ಎಲ್ಲ ಜೋಡಿಸಿದಳು. ದೀಪ ಹತ್ತಲಿಲ್ಲ. ಬಿಚ್ಚಿ ಮತ್ತೆ ಜೋಡಿಸಿದಳು. ಊಹೂಂ!

“ಅಮ್ಮಾ, ನಂಗೆ ತಲೇನೇ ಇಲ್ಲ. ಇದೆಲ್ಲ ಹುಡುಗರಿಗೇ ಸರಿ” ಎಂದು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿಬಿಟ್ಟಳು. ದೀಪ ಹತ್ತದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು.

ಭಾನುವಾರ ನನ್ನ ತಮ್ಮ ಬಂದಿದ್ದ. ರೇಡಿಯೋ ರಿಪೇರಿ ಬಲ್ಲವನು. ನೋಡಿದವನೇ, “ಅಕ್ಕಾ, ದೀಪಾನ ಉಲ್ಟಾ ಕೂರಿಸಿದ್ದಾಳೆ, ಅಷ್ಟೇ. ಆದ್ರೆ ಯಾವ ಕಾಲು ಎಲ್ಲಿಗೆ ಅಂತ ಈ ಹಾಳೇಲಿ ಬರ್ದೇ ಇಲ್ವಲ್ಲ!” ಎಂದ. ಎಲ್‌ಇಡಿ ದೀಪಕ್ಕೆ ಎರಡು ಕಾಲು. ಉದ್ದನೆಯದು ಧನ, ಗಿಡ್ಡದು ಋಣ. ತಿರುಗಿಸಿ ಹಾಕಿದರೆ ಬೆಳಗದು. ನಮ್ಮ ಹುಡುಗಿ ಎರಡು ಕಾಲನ್ನೂ ಸಮನಾಗಿ ಕತ್ತರಿಸಿಬಿಟ್ಟಿದ್ದಳು! ಆಗಲೂ ಗುರುತು ಹಿಡಿಯಲು ಒಂದು ಉಪಾಯವಿದೆ. ದೀಪದ ಬುಡದ ಅಂಚು ಒಂದು ಕಡೆ ಚಪ್ಪಟೆಯಾಗಿದ್ದರೆ ಅದು ಋಣದ ಕಡೆ. ತಮ್ಮ ತಿರುಗಿಸಿ ಬೆಸೆದ. ದೀಪ ಮಿನುಗಿತು, ಮಗಳ ಮುಖವೂ.

ಹೀಗೂ ಬರೆಯಬಹುದು

ಒಳ್ಳೆಯ ಕೈಪಿಡಿ ಬರೆಯಲು ಸಾಧ್ಯವೇ ಇಲ್ಲವೇ? ಖಂಡಿತ ಇದೆ. ಅಮೆರಿಕದ ಮಿಷಿಗನ್ ರಾಜ್ಯದ ಬೆಂಟನ್ ಹಾರ್ಬರ್ ಊರಿನಲ್ಲಿ ಹೀತ್ ಎಂಬ ಕಂಪನಿಯಿತ್ತು. ಮೊದಲು ಮನೆಯಲ್ಲೇ ಜೋಡಿಸುವ ಪುಟ್ಟ ವಿಮಾನದ ಕಿಟ್ ಮಾರುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಯುದ್ಧದಲ್ಲಿ ಮಿಕ್ಕ ಬಿಡಿಭಾಗಗಳಿಂದ ಆಸಿಲೋಸ್ಕೋಪಿನ ಕಿಟ್ ತಂದಿತು. ವಿದ್ಯುತ್ತಿನ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಯಂತ್ರ ಅದು. ಮುಂದೆ ‘ಹೀತ್‌ಕಿಟ್’ ಹೆಸರಿನಲ್ಲಿ ರೇಡಿಯೋ, ಬಣ್ಣದ ಟಿ.ವಿ. ತನಕ ಜನ ಮನೆಯಲ್ಲೇ ಜೋಡಿಸಿಕೊಂಡರು.

ಅದರ ಗುಟ್ಟೆಲ್ಲ ಕೈಪಿಡಿಯಲ್ಲಿತ್ತು. ಒಂದು ಹೆಜ್ಜೆಗೆ ಒಂದೇ ಕೆಲಸ. ಪ್ರತಿ ಹೆಜ್ಜೆಯ ಮುಂದೆ ಪೆನ್ಸಿಲಿನಿಂದ ಗುರುತು ಹಾಕಲು ಜಾಗ. ತಂತಿಯನ್ನು ಎಷ್ಟು ಉದ್ದ ಕತ್ತರಿಸಬೇಕು, ಈ ಜಾಗದಲ್ಲಿ ಈಗಲೇ ಬೆಸುಗೆ ಹಾಕಬೇಕೋ ಇನ್ನೊಂದು ತಂತಿ ಬರುವವರೆಗೆ ಕಾಯಬೇಕೋ, ಎಲ್ಲವನ್ನೂ ಹೇಳುತ್ತಿತ್ತು. ಕೊನೆಯಲ್ಲಿ ‘ತೊಂದರೆಯಾದರೆ’ ಎಂಬ ಅಧ್ಯಾಯ ಬೇರೆ. ‘ನೀವು ಸೋಲಲು ನಾವು ಬಿಡುವುದಿಲ್ಲ’ ಎಂಬುದು ಅವರ ಮಾತಾಗಿತ್ತು. 1992ರಲ್ಲಿ ಕಂಪನಿ ಕಿಟ್ ತಯಾರಿಕೆ ನಿಲ್ಲಿಸಿತು. ಹಳೆಯ ಕೈಪಿಡಿಗಳನ್ನು ಜೋಪಾನವಾಗಿಟ್ಟವರು ಮಾತ್ರ ಇಂದಿಗೂ ಇದ್ದಾರೆ.

ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಬಾಲ್ಯದಲ್ಲಿ ಹೀತ್‌ಕಿಟ್ ಜೋಡಿಸಿದವರೇ. ನಮ್ಮ ಸುತ್ತಲಿನ ಯಂತ್ರಗಳು ಮಾಯಾಮಂತ್ರವಲ್ಲ, ಮನುಷ್ಯರು ಮಾಡಿದ್ದು ಎಂಬ ಧೈರ್ಯ ತಮಗೆ ಬಂದದ್ದು ಅದರಿಂದ ಎಂದು 1995ರ ಸಂದರ್ಶನವೊಂದರಲ್ಲಿ ಅವರು ನೆನೆದಿದ್ದರು. ನೋಡಿ, ಒಂದು ಕೈಪಿಡಿ ಮಗುವಿಗೆ ಧೈರ್ಯವನ್ನೂ ಕೊಟ್ಟೀತು, ಇದ್ದ ಧೈರ್ಯವನ್ನು ಕಿತ್ತುಕೊಂಡೂ ಹೋದೀತು.

ಹಾಗಾದರೆ ಕೆಟ್ಟ ಕೈಪಿಡಿಗಳು ಏಕೆ ಬರುತ್ತವೆ? ಬರೆಯುವವರಿಗೆ ವಿಷಯ ಗೊತ್ತಿಲ್ಲವೆಂದಲ್ಲ, ಗೊತ್ತಿರುವುದೇ ಹೆಚ್ಚಾಗಿ! ನಮ್ಮ ಅಜ್ಜಿಯರು ಉಪ್ಪು ಎಷ್ಟೆಂದು ಕೇಳಿದರೆ “ಕಣ್ಣಂದಾಜು ಹಾಕೇ” ಎನ್ನುತ್ತಿರಲಿಲ್ಲವೇ? ಹಾಗೆಯೇ. ಬರೆದದ್ದನ್ನು ಏನೂ ತಿಳಿಯದ ಒಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು ನೋಡಿದರೆ ತಪ್ಪು ತಾನಾಗಿ ಹೊರಬೀಳುತ್ತದೆ.

ಕೊಳ್ಳುವ ಮುನ್ನ ನೋಡಿ

1. ಬಿಡಿಭಾಗಗಳ ಪಟ್ಟಿ, ಎಣಿಕೆ ಸಮೇತ ಇದೆಯೇ? ಮನೆಗೆ ತಂದ ಕೂಡಲೇ ಬಟ್ಟಲಿಗೆ ಸುರಿದು ಎಣಿಸಿ.

2. ಎಲ್‌ಇಡಿ, ಕೆಪಾಸಿಟರ್, ಐ.ಸಿ. ಇವುಗಳನ್ನು ಯಾವ ಕಡೆಗೆ ಮುಖ ಮಾಡಿ ಕೂರಿಸಬೇಕೆಂದು ಚಿತ್ರ ಹೇಳುತ್ತದೆಯೇ? ಐ.ಸಿ.ಗೆ ಒಂದು ತುದಿಯಲ್ಲಿ ಕಚ್ಚು ಅಥವಾ ಚುಕ್ಕೆ ಇರುತ್ತದೆ. ಚಿತ್ರದಲ್ಲೂ ಅದು ಕಾಣಬೇಕು.

3. ರೆಸಿಸ್ಟರಿನ ಬಣ್ಣದ ಪಟ್ಟೆಗಳನ್ನು ಬಿಡಿಸಿ ಹೇಳಿದ್ದಾರೆಯೇ? ಕಂದು, ಕಪ್ಪು, ಕೆಂಪು ಎಂದರೆ 1000 ಓಮ್. ಮೂರನೆಯದು ಕಿತ್ತಳೆಯಾದರೆ 10,000. ಹಳದಿ ಬೆಳಕಿನಲ್ಲಿ ಕೆಂಪು, ಕಿತ್ತಳೆ ಒಂದೇ ತರಹ ಕಾಣುತ್ತವೆ. ಆದ್ದರಿಂದ ಈ ಕೆಲಸ ಹಗಲಿನಲ್ಲೇ ಆಗಲಿ.

4. ಕೆಲಸ ಮಾಡದಿದ್ದರೆ ಏನನ್ನು ಪರೀಕ್ಷಿಸಬೇಕೆಂದು ಬರೆದಿದೆಯೇ?

5. ಎಚ್ಚರಿಕೆಯ ಮಾತು ಇದೆಯೇ? ಇಲ್ಲದಿದ್ದರೆ ನೀವೇ ಹೇಳಿಕೊಡಿ. ಬೆಸುಗೆ ಕಡ್ಡಿಯ ತುದಿ 300 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪೂರಿ ಕರಿಯುವ ಎಣ್ಣೆಗಿಂತ ಎಷ್ಟೋ ಹೆಚ್ಚು! ದೊಡ್ಡವರು ಪಕ್ಕದಲ್ಲಿರಲೇಬೇಕು. ಅನೇಕ ಬೆಸುಗೆ ತಂತಿಗಳಲ್ಲಿ ಸೀಸವಿರುತ್ತದೆ. ಊಟದ ಮೇಜು ಬೇಡ, ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲಿ.

ಒಂದೆರಡು ಭಾಗ ಕೆಟ್ಟರೆ ಪೂರಾ ಕಿಟ್ ಎಸೆಯಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಚಿಲ್ಲರೆಯಾಗಿ ಸಿಗುತ್ತದೆ.

ನಮ್ಮ ಹುಡುಗಿ ಆಮೇಲೆ ಏನು ಮಾಡಿದಳು ಗೊತ್ತೇ? ನೋಟ್‌ಬುಕ್ಕಿನ ಎರಡು ಹಾಳೆಯಲ್ಲಿ ಕನ್ನಡದಲ್ಲೇ ತನ್ನದೊಂದು ಕೈಪಿಡಿ ಬರೆದಳು. ಹದಿನಾಲ್ಕು ಹೆಜ್ಜೆ, ಪ್ರತಿಯೊಂದರ ಮುಂದೆ ಒಂದು ಪುಟ್ಟ ಚೌಕ. ‘ದೀಪದ ಉದ್ದ ಕಾಲು ಈ ಕಡೆ. ಈಗಲೇ ಕತ್ತರಿಸಬೇಡ!’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಳು. ಪಕ್ಕದ ಮನೆಯ ಅವಳ ಗೆಳತಿ ಅದನ್ನೇ ನೋಡಿಕೊಂಡು, ಅಂಥದೇ ಕಿಟ್ಟನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದಳು. ಆ ಹಾಳೆಗಳ ಒಂದು ಪ್ರತಿಯನ್ನು ಕಿಟ್ ತಯಾರಕರಿಗೂ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ, ಇರಲಿ.

ನಿಮ್ಮ ಮನೆಯಲ್ಲೂ ಮಗು “ನಂಗೆ ಬರಲ್ಲ” ಎಂದು ಕಣ್ಣೀರಿಟ್ಟರೆ ಬೈಯುವ ಮುನ್ನ, ಸಮಾಧಾನ ಹೇಳುವ ಮುನ್ನ, ಆ ಹಾಳೆಯನ್ನು ಇಸಿದುಕೊಂಡು ನೀವೇ ಒಮ್ಮೆ ಓದಿ. ನಿಮಗೂ ಅರ್ಥವಾಗದಿದ್ದರೆ, ತಪ್ಪು ಮಗುವಿನದಲ್ಲ ಎಂದು ಗಟ್ಟಿಯಾಗಿ ಹೇಳಿ. ಮಗುವಿಗೆ ಆಗ ಬೇಕಾದದ್ದು ಆ ಮಾತು.