ಕತ್ತು ನಿಲ್ಲುವುದರಿಂದ ಹೆಜ್ಜೆಯಿಡುವವರೆಗೆ

ಶ್ರೀಮಠಕ್ಕೆ ಎಳೆಗೂಸುಗಳನ್ನು ಎತ್ತಿಕೊಂಡು ಬರುವ ತಾಯಂದಿರು ನಮ್ಮನ್ನು ಕಂಡಾಗ ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಇಷ್ಟು ವರ್ಷಗಳಲ್ಲಿ ಬದಲಾಗಿಲ್ಲ. “ಡಾಕ್ಟರೇ, ಪಕ್ಕದ ಮನೆಯ ಮಗು ಆಗಲೇ ನಿಲ್ಲುತ್ತಿದೆ, ನಮ್ಮದು ಇನ್ನೂ ಕೂರುತ್ತಿಲ್ಲ.” ಜೊತೆಯಲ್ಲಿ ಬಂದ ಅಜ್ಜಿ ಕೂಡಲೇ ಸಮಾಧಾನ ಹೇಳುತ್ತಾರೆ: “ಇವನಪ್ಪನೂ ತಡವಾಗಿಯೇ ನಡೆದದ್ದು ಸ್ವಾಮಿ, ಕಾಲ ಬಂದಾಗ ಎಲ್ಲವೂ ಆಗುತ್ತದೆ.” ಬಹುತೇಕ ಸಂದರ್ಭಗಳಲ್ಲಿ ಅಜ್ಜಿಯ ಮಾತೇ ನಿಜವಾಗುತ್ತದೆ. ಆದರೆ ಎಲ್ಲ ಸಂದರ್ಭಗಳಲ್ಲಿ ಅಲ್ಲ. ಕಾಯಬಹುದಾದ ಕಾಲಕ್ಕೂ ಒಂದು ಗಡಿಯಿದೆ. ಆ ಗಡಿಯನ್ನು ತಿಳಿಸುವುದೇ ಈ ತಿಂಗಳ ಲೇಖನದ ಉದ್ದೇಶ.

ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವೂ ಸೇರಿದಂತೆ ಐದು ರಾಷ್ಟ್ರಗಳ ಆರೋಗ್ಯವಂತ ಶಿಶುಗಳನ್ನು ಗಮನಿಸಿ 2006ರಲ್ಲಿ ಚಲನೆಯ ಮೈಲಿಗಲ್ಲುಗಳನ್ನು ಪ್ರಕಟಿಸಿತು. ಅದರಂತೆ ಆಸರೆಯಿಲ್ಲದೆ ಕೂರುವುದು ಸುಮಾರು 4ನೇ ತಿಂಗಳಿನಿಂದ 9ನೇ ತಿಂಗಳೊಳಗೆ, ಅಂಬೆಗಾಲಿಡುವುದು 5ರಿಂದ ಹದಿಮೂರೂವರೆ ತಿಂಗಳೊಳಗೆ, ಯಾರ ನೆರವೂ ಇಲ್ಲದೆ ನಿಲ್ಲುವುದು 7ರಿಂದ 17 ತಿಂಗಳೊಳಗೆ, ಸ್ವತಂತ್ರವಾಗಿ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳೊಳಗೆ ಕಂಡುಬರುತ್ತದೆ. ಈ ಅಂತರ ಎಷ್ಟು ವಿಶಾಲವಾಗಿದೆ ನೋಡಿ! ಒಂದು ಮಗು 9ನೇ ತಿಂಗಳಲ್ಲಿ ನಡೆದು ಇನ್ನೊಂದು 16ನೇ ತಿಂಗಳಲ್ಲಿ ನಡೆದರೆ ಎರಡೂ ಸಹಜವೇ. ನೂರಕ್ಕೆ ಸುಮಾರು 4 ಮಕ್ಕಳು ಅಂಬೆಗಾಲನ್ನೇ ಇಡದೆ ನೇರವಾಗಿ ಎದ್ದು ನಿಂತವೆಂದೂ ಆ ಅಧ್ಯಯನ ತಿಳಿಸಿದೆ. ಆದ್ದರಿಂದ ನೆರೆಮನೆಯ ಮಗುವನ್ನು ಅಳತೆಗೋಲಾಗಿಸಿಕೊಳ್ಳುವುದು ಬೇಡ. ಅವಧಿಗೆ ಮುನ್ನ ಜನಿಸಿದ ಶಿಶುವಾದರೆ ಎಷ್ಟು ವಾರ ಮೊದಲು ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದೇ ಲೆಕ್ಕ ಹಾಕಬೇಕು.

ನಮ್ಮ ಆಯುರ್ವೇದದಲ್ಲಿ ಈ ವಿಷಯವನ್ನು ವಿಶೇಷವಾಗಿ ಚರ್ಚಿಸಿರುವುದು ಬಾಲಚಿಕಿತ್ಸೆಗೇ ಮೀಸಲಾದ ಕಾಶ್ಯಪ ಸಂಹಿತೆ. ಒಂದು ಸಂವತ್ಸರ ತುಂಬಿದರೂ ಕಾಲೂರಿ ನಡೆಯದ ಮಗುವಿನ ಸ್ಥಿತಿಯನ್ನು ಅದು ‘ಫಕ್ಕ’ ಎಂದು ಕರೆದು, ಮೂರು ಬಗೆಯ ಕಾರಣಗಳನ್ನು ಹೇಳುತ್ತದೆ: ತಾಯಿಯ ಹಾಲಿನ ದೋಷ, ತಾಯಿ ಬೇಗನೆ ಮತ್ತೆ ಗರ್ಭಿಣಿಯಾಗಿ ಮಗುವಿಗೆ ಹಾಲು ತಪ್ಪುವುದು, ಬೇರೆ ವ್ಯಾಧಿಗಳು. ವರ್ಷದ ಗಡಿಯನ್ನು ಇಂದು ನಾವು ಒಂದೂವರೆ ವರ್ಷಕ್ಕೆ ವಿಸ್ತರಿಸಿಕೊಂಡಿದ್ದೇವೆ. ಆದರೆ ನಡೆಯದಿರುವುದಕ್ಕೆ ಕಾರಣವನ್ನು ಹುಡುಕಬೇಕೆಂಬ ಆ ಋಷಿಯ ದೃಷ್ಟಿ ಇಂದಿಗೂ ಸಲ್ಲುತ್ತದೆ. ಔಷಧ, ಅಭ್ಯಂಗಾದಿಗಳ ಜೊತೆಗೆ ಮಗುವಿಗೆ ನಡಿಗೆಯನ್ನು ಅಭ್ಯಾಸ ಮಾಡಿಸಲು ಮೂರು ಗಾಲಿಯ ರಥವೊಂದನ್ನೂ ಅಲ್ಲಿ ವಿಧಿಸಲಾಗಿದೆ. ನಮ್ಮ ಜಾತ್ರೆಗಳಲ್ಲಿ ಮಾರುವ ಮರದ ತಳ್ಳುಗಾಡಿ ಅದರ ಬಂಧುವೇ ಸರಿ.

ಈ ಮರದ ಗಾಡಿಯನ್ನೂ ಈಗ ಮನೆಮನೆಗೆ ಬಂದಿರುವ ಪ್ಲಾಸ್ಟಿಕ್ ವಾಕರನ್ನೂ ಒಂದೇ ಎಂದು ತಿಳಿಯಬಾರದು. ಗಾಡಿಯನ್ನು ಮಗು ತಾನೇ ಎದ್ದು, ತನ್ನ ಭಾರವನ್ನು ತಾನೇ ಹೊತ್ತು ತಳ್ಳಬೇಕು. ವಾಕರಿನಲ್ಲಿ ಮಗುವನ್ನು ಕೂರಿಸಿಬಿಡುತ್ತೇವೆ. ಅದು ಬೆರಳ ತುದಿಯಿಂದ ನೆಲವನ್ನು ಒದ್ದು ಸಾಗುತ್ತದೆ. ಸೊಂಟಕ್ಕೂ ಬೆನ್ನಿಗೂ ಅದರಿಂದ ಶಿಕ್ಷಣವಿಲ್ಲ, ನಡಿಗೆಯೂ ಬೇಗ ಬರುವುದಿಲ್ಲ. ಹೊಸ್ತಿಲು, ಮೆಟ್ಟಿಲು, ಒಲೆಯ ಬಳಿ ಆಗುವ ಅಪಾಯವಂತೂ ಹೇಳತೀರದು. ಕೆನಡಾ ದೇಶ 2004ರಲ್ಲಿಯೇ ಇವುಗಳ ಮಾರಾಟವನ್ನು ನಿಷೇಧಿಸಿತು. ಸೋದರಮಾವ ಪ್ರೀತಿಯಿಂದ ತಂದ ಉಡುಗೊರೆಯಾದರೂ ಅದನ್ನು ಅಟ್ಟದ ಮೇಲೆ ಇಡಿ ಎಂದೇ ನಮ್ಮ ಸಲಹೆ.

ಮಗುವಿಗೆ ನಿಜವಾಗಿ ಬೇಕಾದುದು ನೆಲ. ಚಾಪೆಯ ಮೇಲೊಂದು ಕಂಬಳಿ ಹಾಸಿ, ಎಚ್ಚರವಾಗಿರುವಾಗ, ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ, ಯಾರಾದರೂ ಎದುರಿಗಿದ್ದು ಬೋರಲು ಮಲಗಿಸಬೇಕು. ಮೊದಲ ವಾರಗಳಲ್ಲಿ ಒಂದೆರಡು ನಿಮಿಷ, ದಿನಕ್ಕೆ ನಾಲ್ಕಾರು ಬಾರಿ ಸಾಕು. ಕತ್ತು, ಭುಜ, ಬೆನ್ನು ಬಲಗೊಳ್ಳುವುದು ಹೀಗೆಯೇ. ನಿದ್ರೆಗೆ ಮಾತ್ರ ಯಾವಾಗಲೂ ಅಂಗಾತ. ಆಲೂಗಡ್ಡೆ ಬಿತ್ತನೆಯ ದಿನಗಳಲ್ಲಿ, ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಕೆಲಸದ ದಿನಗಳಲ್ಲಿ, ಮಗು ಬೆಳಗಿನಿಂದ ಸಂಜೆಯವರೆಗೆ ಸೀರೆಯ ಜೋಲಿಯಲ್ಲಿಯೇ ಇರುವುದನ್ನು ಕಂಡಿದ್ದೇವೆ. ದುಡಿಯುವ ತಾಯಿಯನ್ನು ದೂರುವಂತಿಲ್ಲ. ಊಟದ ಬಿಡುವಿನಲ್ಲಾದರೂ ಮರದ ನೆರಳಿನಲ್ಲಿ ಹಾಸಿ ಬಿಟ್ಟರೆ ಅದು ಕೈಕಾಲು ಆಡಿಸೀತು. ಕಂಕುಳಲ್ಲಿ ಕಾಲುಗಳನ್ನು ಅಗಲಿಸಿ ಎತ್ತಿಕೊಳ್ಳುವ ನಮ್ಮ ರೂಢಿ ಸೊಂಟದ ಕೀಲಿಗೆ ಹಿತಕರ. ಕಾಲುಗಳನ್ನು ನೀಳವಾಗಿ ಜೋಡಿಸಿ ಬಿಗಿಯಾಗಿ ಸುತ್ತುವುದು ಅಹಿತಕರ.

ಶಾಸ್ತ್ರೋಕ್ತವಾದ ಉಪವೇಶನ, ಅಂದರೆ ಕೂರಿಸುವ ಸಂಸ್ಕಾರ, ಐದಾರನೆಯ ತಿಂಗಳಿನದು. ಅದೂ ಸ್ವಲ್ಪ ಹೊತ್ತು ಮಾತ್ರ. ದಿಂಬುಗಳ ನಡುವೆ ಗಂಟೆಗಟ್ಟಲೆ ಕೂರಿಸಿದರೆ ಬೆನ್ನು ದಣಿಯುತ್ತದೆ. ಅಭ್ಯಂಗವನ್ನು ಹಗುರವಾದ ಕೈಯಿಂದ ಮಾಡಬೇಕು. ಮೂಗು, ಕಿವಿಗಳಿಗೆ ಎಣ್ಣೆ ಬಿಡುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ಸರ್ವಥಾ ಕೂಡದು. ಆರು ತಿಂಗಳು ತುಂಬಿದ ಮೇಲೆ ತಾಯಿಯ ಹಾಲಿನೊಡನೆ ರಾಗಿ ಸರಿ, ಬೇಳೆಯ ಕಟ್ಟು, ತುಪ್ಪ, ಸೊಪ್ಪು ಸೇರಲಿ. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆದುವಾದ ಮಗು ನಡೆಯಲು ಹಿಂಜರಿಯುತ್ತದೆ. ಮೊದಲ ವರ್ಷ ವೈದ್ಯರು ಬರೆದುಕೊಡುವ ಆ ಹನಿಗಳನ್ನು ತಪ್ಪಿಸಬೇಡಿ.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಹೊಳೆನರಸೀಪುರದ ಕಡೆಯ ದಂಪತಿಗಳು 8 ತಿಂಗಳ ಮಗುವನ್ನು ತಂದರು. ಕತ್ತು ಸರಿಯಾಗಿ ನಿಂತಿರಲಿಲ್ಲ, ಮಲಬದ್ಧತೆಯಿತ್ತು, ನಾಲಿಗೆ ದಪ್ಪ, ಹೊಕ್ಕುಳು ಉಬ್ಬಿತ್ತು. “ಬಹಳ ಒಳ್ಳೆಯ ಮಗು, ಅಳುವುದೇ ಇಲ್ಲ” ಎಂದರು ತಾಯಿ. ನಾವು ಬಲಾ ತೈಲದ ಅಭ್ಯಂಗವನ್ನು ಬರೆದು, ತಿಂಗಳು ಬಿಟ್ಟು ಬರಲು ತಿಳಿಸಿದೆವು. ಸುಗ್ಗಿ ಮುಗಿಸಿ ಅವರು ಬಂದದ್ದು ನಾಲ್ಕು ತಿಂಗಳ ನಂತರ. ಆಗ ಮೈಸೂರಿನ ಮಕ್ಕಳ ತಜ್ಞರಲ್ಲಿಗೆ ಕಳುಹಿಸಿದೆವು. ಒಂದು ರಕ್ತಪರೀಕ್ಷೆಯಲ್ಲಿ ಜನ್ಮಜಾತ ಥೈರಾಯ್ಡ್ ಕೊರತೆ ಎಂದು ತಿಳಿಯಿತು. ದಿನಕ್ಕೊಂದು ಮಾತ್ರೆಯಿಂದ ಸರಿದೂಗುವ ಕೊರತೆ ಅದು. ಆದರೆ ಮಾತ್ರೆ ಹುಟ್ಟಿದ ಮೊದಲ ವಾರಗಳಲ್ಲಿಯೇ ಆರಂಭವಾದರೆ ಮಾತ್ರ ಮೆದುಳು ಪೂರ್ಣವಾಗಿ ಉಳಿಯುತ್ತದೆ. ಎಂಟನೆಯ ತಿಂಗಳೇ ತಡವಾಗಿತ್ತು. ಅದರ ಮೇಲೆ ನಾಲ್ಕು ತಿಂಗಳನ್ನು ನಾವು ಕಳೆದೆವು. ಮಗು ಮುಂದೆ ನಡೆಯಿತು, ಆದರೆ ಕಲಿಕೆಯಲ್ಲಿ ಹಿಂದೆಯೇ ಉಳಿಯಿತು. ಅಂದಿನಿಂದ ಹೆರಿಗೆಯಾದ ಪ್ರತಿಯೊಂದು ಮನೆಯವರಿಗೂ ಮೊದಲ ವಾರದ ಥೈರಾಯ್ಡ್ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳುವಂತೆ ಹೇಳುತ್ತಾ ಬಂದಿದ್ದೇವೆ.

ಹಾಗಾದರೆ ಯಾವಾಗ ಕಾಯಬಾರದು? ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದಿದ್ದರೆ, ಮುಷ್ಟಿ ಸದಾ ಬಿಗಿದೇ ಇದ್ದರೆ, 9 ತಿಂಗಳಿಗೆ ಆಸರೆಯಿಲ್ಲದೆ ಕೂರದಿದ್ದರೆ, 18 ತಿಂಗಳಿಗೆ ನಡೆಯದಿದ್ದರೆ ತೋರಿಸಲೇಬೇಕು. ಮೈ ಬಟ್ಟೆಯಂತೆ ಜೋಲುವುದು, ಇಲ್ಲವೇ ಕಾಲುಗಳು ಕತ್ತರಿಯಂತೆ ಹೆಣೆದುಕೊಂಡು ಬಿಗಿಯುವುದು ಯಾವ ವಯಸ್ಸಿನಲ್ಲಾದರೂ ಎಚ್ಚರಿಕೆಯ ಸೂಚನೆ. ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುವ ಮಗುವನ್ನು “ಎಡಚ” ಎಂದು ನಗುವುದು ಬೇಡ. ಇನ್ನೊಂದು ಕೈಯ ಬಲವನ್ನು ಪರೀಕ್ಷಿಸಬೇಕು. ಕಲಿತದ್ದನ್ನು ಮಗು ಮರೆಯತೊಡಗಿದರೆ ಒಂದು ದಿನವೂ ತಡಮಾಡಬಾರದು. ಸ್ವಾಮಿಗಳವರ ಆಶೀರ್ವಾದವನ್ನು ಪಡೆಯಿರಿ, ಹರಕೆಯನ್ನೂ ಸಲ್ಲಿಸಿ. ಆದರೆ ಜಾತ್ರೆಯ ದಿನದವರೆಗೆ ತಪಾಸಣೆಯನ್ನು ಮುಂದೂಡಬೇಡಿ.

ನಿಮ್ಮ ತಾಯಿ ಕಾರ್ಡಿನಲ್ಲಿಯೇ ಈ ಮೈಲಿಗಲ್ಲುಗಳು ಚಿತ್ರಸಹಿತ ಮುದ್ರಿತವಾಗಿವೆ. ಚುಚ್ಚುಮದ್ದಿನ ಪುಟವನ್ನು ಬಿಟ್ಟು ಉಳಿದುದನ್ನು ಯಾರೂ ತೆರೆಯುವುದಿಲ್ಲವೆಂಬುದು ನಮ್ಮ ಅನುಭವ. 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಅದನ್ನು ತೋರಿಸಿ ಗುರುತು ಹಾಕಿಸಿಕೊಳ್ಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬಂದು ಬೆಳವಣಿಗೆಯ ವಿಳಂಬವನ್ನು ಪತ್ತೆಹಚ್ಚುತ್ತವೆ. ಆ ತಂಡಗಳಲ್ಲಿ ನಮ್ಮಂತಹ ಆಯುಷ್ ವೈದ್ಯರೇ ಇರುತ್ತಾರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಭಕ್ತರು ಮೊದಲು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಂಡು, ಅವರ ಚೀಟಿಯೊಡನೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಬಹುದು. ಕಾರಣ ತಿಳಿದ ಮೇಲೆ ಅಭ್ಯಂಗ, ಬಸ್ತಿಗಳ ನೆರವು ಬೇಕೆನಿಸಿದರೆ ಹಾಸನದ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಕೌಮಾರಭೃತ್ಯ ವಿಭಾಗವಿದೆ. ಅನುಕ್ರಮ ಮಾತ್ರ ಹೀಗೆಯೇ ಇರಲಿ: ಮೊದಲು ಕಾರಣ, ಅನಂತರ ಎಣ್ಣೆ.

ಹೋಗುವಾಗ ತಾಯಿ ಕಾರ್ಡನ್ನೂ ಹೆರಿಗೆಯ ಕಾಗದಗಳನ್ನೂ ಒಯ್ಯಿರಿ. ಮಗು ಮನೆಯಲ್ಲಿ ಆಡುತ್ತಿರುವಾಗ ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿಕೊಳ್ಳಿ. ವೈದ್ಯರ ಕೊಠಡಿಯಲ್ಲಿ ಅಳುವ ಮಗು ತೋರಿಸದ ಚಲನೆಯನ್ನು ಅದು ತೋರಿಸುತ್ತದೆ.