ಕಾಲ್ಚೆಂಡಾಟಗಾರನ ಟಿ.ಸಿ.

ಶಾಲೆ ಬದಲಿಸುವ ಮಗುವಿನ ತಂದೆತಾಯಿಗಳಿಗೆ ಟಿ.ಸಿ. ಎಂಬ ಎರಡಕ್ಷರಗಳ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಮೊಹರುಗಳಿಲ್ಲದೆ ಹೊಸ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಏರುವುದಿಲ್ಲ. ಜೀವಮಾನವೆಲ್ಲ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿಕೊಂಡು ಬಂದ ನನಗೆ ಕಾಲ್ಚೆಂಡಿನ ಜಗತ್ತಿನಲ್ಲಿಯೂ ಇಂಥದೊಂದು ಟಿ.ಸಿ. ಉಂಟೆಂದು ತಿಳಿದದ್ದು ಬಹಳ ತಡವಾಗಿ. ತಿಳಿದ ಬಗೆಯೂ ಸಂತೋಷದ್ದಲ್ಲ.

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಯುದ್ಧದಿಂದ ಜರ್ಜರಿತವಾಗಿದ್ದ ಒಂದು ಅರಬ್ ದೇಶದ ಹುಡುಗ ಓದಲೆಂದು ಮೈಸೂರಿಗೆ ಬಂದು ನಮ್ಮ ಬೀದಿಯ ಮಹಡಿಯ ಕೋಣೆಯೊಂದರಲ್ಲಿ ಬಾಡಿಗೆಗಿದ್ದ. ಸಂಜೆ ಬೀದಿಯ ಮಕ್ಕಳೊಡನೆ ಚೆಂಡನ್ನು ಒದೆಯುತ್ತಿದ್ದ ರೀತಿಯಲ್ಲಿಯೇ ಅವನು ಬರಿಯ ಹವ್ಯಾಸಿಯಲ್ಲವೆಂಬುದು ತಿಳಿಯುತ್ತಿತ್ತು. ಊರಿನಲ್ಲಿ ಒಂದು ಕ್ಲಬ್ಬಿನ ಪರವಾಗಿ ಎರಡು ವರ್ಷ ಆಡಿದ್ದನಂತೆ. ಇಲ್ಲಿಯ ಕ್ಲಬ್ಬೊಂದು ಅವನನ್ನು ಕರೆಯಿತು. ಕಾರ್ಯದರ್ಶಿಗಳು ಒಳ್ಳೆಯವರೇ. ಆದರೆ ಒಂದು ಮಾತು ಹೇಳಿದರು: “ನಿಮ್ಮ ದೇಶದಿಂದ ಸರ್ಟಿಫಿಕೇಟ್ ತರಿಸಿಕೊಂಡು ಬಾರಪ್ಪ, ಆಮೇಲೆ ಹೆಸರು ಬರೆದುಕೊಳ್ಳೋಣ.” ಹುಡುಗ ಬರೆದ, ಮತ್ತೆ ಬರೆದ. ನನ್ನ ಮನೆಯ ಕಂಪ್ಯೂಟರಿನಲ್ಲಿಯೇ ಕುಳಿತು ಮೂರು ತಿಂಗಳು ಬರೆದ. ಉತ್ತರ ಬರಲಿಲ್ಲ. ಲೀಗ್ ಮುಗಿಯಿತು.

ಆ ಸರ್ಟಿಫಿಕೇಟಿನ ಪೂರ್ಣ ಹೆಸರು ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್. ಕ್ರೀಡಾಪತ್ರಕರ್ತರು ಐ.ಟಿ.ಸಿ. ಎನ್ನುತ್ತಾರೆ. ನಮ್ಮಲ್ಲಿ ಆ ಅಕ್ಷರಗಳು ಬೇರೊಂದು ಕಂಪೆನಿಯನ್ನು ನೆನಪಿಗೆ ತರುತ್ತವೆ, ಅದು ಹಾಗಿರಲಿ. ಸಂಘಟಿತ ಫುಟ್‌ಬಾಲ್ ಆಡುವ ಪ್ರತಿಯೊಬ್ಬನೂ ಯಾವುದಾದರೂ ಒಂದು ದೇಶದ ಸಂಘದಲ್ಲಿ, ಒಂದು ಕ್ಲಬ್ಬಿನ ಹೆಸರಿನಲ್ಲಿ, ನೋಂದಣಿ ಹೊಂದಿರಲೇಬೇಕೆಂಬುದು ಫಿಫಾ ಸಂಸ್ಥೆಯ ನಿಯಮ. ಒಂದು ಋತುವಿನಲ್ಲಿ ಹೆಚ್ಚೆಂದರೆ ಮೂರು ಕ್ಲಬ್ಬುಗಳಲ್ಲಿ ಹೆಸರಿರಬಹುದು. ಆಡುವುದು ಎರಡಕ್ಕೆ ಮಾತ್ರ. ಆಟಗಾರ ದೇಶ ಬದಲಿಸಿದರೆ, ಹಳೆಯ ದೇಶದ ಸಂಘ ‘ಇವನು ಇನ್ನು ನಮ್ಮವನಲ್ಲ’ ಎಂದು ಬರೆದುಕೊಡುವವರೆಗೂ ಹೊಸ ದೇಶದಲ್ಲಿ ಅವನಿಗೆ ಅಂಗಳವಿಲ್ಲ. ಹತ್ತು ವರ್ಷ ತುಂಬದ ಮಕ್ಕಳಿಗೆ ಮಾತ್ರ ಈ ಪತ್ರ ಬೇಡ. ಇದಕ್ಕೆ ಶುಲ್ಕ ಕೇಳುವಂತಿಲ್ಲ, ಷರತ್ತು ಹಾಕುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಪತ್ರ ಬರಬೇಕಾದದ್ದು ಆಟಗಾರ ಹುಟ್ಟಿದ ದೇಶದಿಂದಲ್ಲ, ಕೊನೆಯಲ್ಲಿ ಆಡಿದ ದೇಶದಿಂದ. ಬೆಂಗಳೂರು ಎಫ್.ಸಿ. 2017ರಲ್ಲಿ ವೆನೆಜುವೆಲಾದ ಮಿಕು ಎಂಬಾತನನ್ನು ಕರೆತಂದಾಗ ಆತ ಆಡುತ್ತಿದ್ದುದು ಸ್ಪೇನಿನ ರಾಯೊ ವಾಯೆಕಾನೊ ಕ್ಲಬ್ಬಿಗೆ. ಆದ್ದರಿಂದ ಕೇಳಬೇಕಾದದ್ದು ಸ್ಪೇನನ್ನು. ಅದೇ ವರ್ಷ ನಮ್ಮವರೇ ಆದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಿಂದ ಬೆಂಗಳೂರಿಗೆ ಬಂದರು. ಭಾರತದ ಪಾಸ್‌ಪೋರ್ಟು ಜೇಬಿನಲ್ಲಿದ್ದರೂ ನಿಯಮದ ಕಣ್ಣಿಗೆ ಅವರು ಪರದೇಶದಿಂದ ಬಂದ ಆಟಗಾರರೇ. ತವರಿಗೆ ಮರಳುವವನೂ ಪರಊರಿನ ಚೀಟಿ ತರಬೇಕು.

ಪೌರತ್ವವನ್ನೂ ನೋಂದಣಿಯನ್ನೂ ಬೆರೆಸಿ ಮಾತಾಡುವವರು ಬಹಳ ಮಂದಿ. ಬೆಂಗಳೂರು ಎಫ್.ಸಿ.ಯ ರಯಾನ್ ವಿಲಿಯಮ್ಸ್ ಪ್ರಕರಣ ಈ ಗೊಂದಲವನ್ನು ಬಿಡಿಸುತ್ತದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ಇವರ ತಾಯಿಯ ಮನೆತನ ಮುಂಬಯಿಯದು. 2023ರಲ್ಲಿ ಬೆಂಗಳೂರಿಗೆ ಆಡಲು ಬಂದಾಗ ಅವರಿಗೆ ಬೇಕಾಗಿದ್ದುದು ಆಸ್ಟ್ರೇಲಿಯಾದ ಟಿ.ಸಿ. ಮಾತ್ರ. ಭಾರತದ ತಂಡಕ್ಕೆ ಆಡಬೇಕೆಂದಾಗ ಮಾತು ಬೇರೆಯಾಯಿತು. ನಮ್ಮ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾಗಿ ಅವರು ಆಸ್ಟ್ರೇಲಿಯಾದ ಪಾಸ್‌ಪೋರ್ಟನ್ನು ಬಿಟ್ಟುಕೊಟ್ಟರು. 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸುನಿಲ್ ಛೆಟ್ರಿಯವರ ಕೈಯಿಂದ ಭಾರತದ ಪಾಸ್‌ಪೋರ್ಟನ್ನು ಪಡೆದರು. ಅಷ್ಟಕ್ಕೂ ಮುಗಿಯಲಿಲ್ಲ. ಹಿಂದೊಮ್ಮೆ ಆಸ್ಟ್ರೇಲಿಯಾದ ತಂಡಕ್ಕೆ ಆಡಿದ್ದವರಾದ್ದರಿಂದ ದೇಶ ಬದಲಿಸಲು ಫಿಫಾ ಒಪ್ಪಿಗೆ ಬೇಕಾಗಿತ್ತು. ಆ ತಿಂಗಳ 18ರಂದು ಢಾಕಾದಲ್ಲಿ ಬಾಂಗ್ಲಾದೇಶದೊಡನೆ ನಡೆದ ಪಂದ್ಯಕ್ಕೆ ಅದು ಒದಗಲಿಲ್ಲ. ಪಂದ್ಯ ಮುಗಿದ ಮೇಲೆ ಬಂದಿತು. ಹುಟ್ಟಿದ ನಾಡಿನ ಪೌರತ್ವವನ್ನೇ ತೊರೆದವನನ್ನು ಒಂದು ಕಾಗದ ಹೊರಗೆ ಕೂರಿಸಿತಲ್ಲ ಎಂದು ನನಗೆ ಅಂದು ಕೆಡುಕೆನಿಸಿತು.

ಇಷ್ಟೊಂದು ಬಿಗಿ ಏಕೆ? ಒಬ್ಬನೇ ಆಟಗಾರನನ್ನು ಇಬ್ಬರು ತಮ್ಮವನೆನ್ನಬಾರದು, ಒಂದು ದೇಶದಲ್ಲಿ ಶಿಕ್ಷೆಗೊಳಗಾದವನು ಇನ್ನೊಂದರಲ್ಲಿ ನುಸುಳಬಾರದು, ಅವನನ್ನು ಎಳೆಯದರಲ್ಲಿ ತರಬೇತುಗೊಳಿಸಿದ ಸಣ್ಣ ಕ್ಲಬ್ಬಿಗೆ ಸಲ್ಲಬೇಕಾದ ಪಾಲು ತಪ್ಪಬಾರದು. ಕಾರಣಗಳು ನ್ಯಾಯವಾದವೇ. ಆದರೆ ಕೊಡುವವನ ಕೈಯಲ್ಲಿರುವ ಪತ್ರ ಕೈಕೋಳವೂ ಆಗಬಲ್ಲದು. ಬೆಲ್ಜಿಯಂನ ಜಾನ್ ಮಾರ್ಕ್ ಬಾಸ್ಮನ್ ಎಂಬಾತ ತನ್ನ ಕರಾರು ಮುಗಿದಿದ್ದರೂ ಲೀಜ್ ಕ್ಲಬ್ಬಿನಿಂದ ಫ್ರಾನ್ಸಿಗೆ ಹೋಗಲಾಗದೆ ಯೂರೋಪಿನ ನ್ಯಾಯಾಲಯದ ಮೆಟ್ಟಿಲೇರಿದ. 1995ರ ಡಿಸೆಂಬರ್ 15ರ ತೀರ್ಪು ಆಟಗಾರರ ಇತಿಹಾಸವನ್ನೇ ಎರಡಾಗಿ ಸೀಳಿತು: ಕರಾರು ಮುಗಿದವನಿಗೆ ಹಳೆಯ ಕ್ಲಬ್ಬು ಬೆಲೆ ಕೇಳುವಂತಿಲ್ಲ. ಮೂವತ್ತು ವರ್ಷಗಳ ಬಳಿಕವೂ ಜಗಳ ತೀರಿಲ್ಲ. ಲಾಸಾನಾ ದಿಯಾರಾ ಎಂಬ ಫ್ರೆಂಚ್ ಆಟಗಾರ ಮಾಸ್ಕೋದ ಕ್ಲಬ್ಬಿನೊಡನೆ ಕಲಹವಾಗಿ, ಐ.ಟಿ.ಸಿ. ಸಿಗುವ ಭರವಸೆಯಿಲ್ಲದೆ ಬೆಲ್ಜಿಯಂನಲ್ಲಿ ದೊರೆತಿದ್ದ ಕೆಲಸ ಕಳೆದುಕೊಂಡ. ಅದೇ ನ್ಯಾಯಾಲಯ 2024ರ ಅಕ್ಟೋಬರ್ 4ರಂದು ಈ ತಡೆ ಸಲ್ಲದೆಂದಿತು. ಅದರ ಫಲವಾಗಿ 2025ರಿಂದ, ಕರಾರಿನ ಜಗಳವನ್ನು ನೆಪಮಾಡಿ ಪತ್ರವನ್ನು ಹಿಡಿದಿಡುವಂತಿಲ್ಲ. ಕೇಳಿದ 72 ಗಂಟೆಗಳೊಳಗೆ ಕೊಡಬೇಕು.

ಕಾಗದಗಳೆಲ್ಲ ಓಡಾಡುವುದು ಈಗ ಕಂಪ್ಯೂಟರಿನಲ್ಲಿ. 2010ರ ಅಕ್ಟೋಬರಿನಿಂದ ವೃತ್ತಿಪರ ಪುರುಷರಿಗೂ 2018ರಿಂದ ಮಹಿಳೆಯರಿಗೂ ಇದು ಕಡ್ಡಾಯ. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. 2017ರಲ್ಲಿ ಪೋರ್ಚುಗಲ್ಲಿನ ಅದ್ರಿಯನ್ ಸಿಲ್ವ ಇಂಗ್ಲೆಂಡಿನ ಲೆಸ್ಟರ್ ಕ್ಲಬ್ಬಿಗೆ ಹೊರಟಾಗ ಕಾಗದ ತಲುಪಿದ್ದು ಗಡುವು ಮೀರಿ ಹದಿನಾಲ್ಕು ಸೆಕೆಂಡುಗಳಾದ ಮೇಲೆ. ಆತ ಜನವರಿಯವರೆಗೆ ಬೆಂಚಿನಲ್ಲಿಯೂ ಕೂರುವಂತಿರಲಿಲ್ಲ.

ಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಕಠಿಣ. ಹದಿನೆಂಟು ತುಂಬುವವರೆಗೆ ಆಟಕ್ಕಾಗಿ ದೇಶ ಬದಲಿಸಕೂಡದು. ಬಡದೇಶಗಳ ಹುಡುಗರನ್ನು ಆಸೆ ತೋರಿಸಿ ಕರೆದೊಯ್ದು, ಕಾಲು ಸೋತರೆ ಬೀದಿಗೆ ಬಿಡುವ ದಲ್ಲಾಳಿಗಳಿಗೆ ಹಾಕಿದ ಬೇಲಿ ಇದು, 2001ರಲ್ಲಿ ಬಂದಿತು. ಅದಕ್ಕೆ ಒಂದು ವರ್ಷ ಮೊದಲು, ಹದಿಮೂರರ ವಯಸ್ಸಿನಲ್ಲಿ, ಅರ್ಜೆಂಟೀನಾದ ಮೆಸ್ಸಿ ಬಾರ್ಸಿಲೋನಾ ಸೇರಿದ್ದರು! ಅದೇ ಬಾರ್ಸಿಲೋನಾ ಕ್ಲಬ್ಬಿಗೆ 2014ರಲ್ಲಿ ಈ ನಿಯಮ ಮುರಿದುದಕ್ಕಾಗಿ ಹೊಸ ಆಟಗಾರರನ್ನು ಸೇರಿಸದಂತೆ ಶಿಕ್ಷೆಯಾಯಿತು. ಬೇಲಿಗೆ ಕೆಲವು ಗೇಟುಗಳಿವೆ: ತಂದೆತಾಯಿಗಳು ಫುಟ್‌ಬಾಲಿಗೆ ಸಂಬಂಧಿಸದ ಕಾರಣಕ್ಕೆ ಊರು ಬದಲಿಸಿದರೆ, ಜೀವಭಯದಿಂದ ಓಡಿಬಂದ ನಿರಾಶ್ರಿತರಾದರೆ, ಗಡಿಯಂಚಿನ ಊರಿನವರಾದರೆ.

ನಿರಾಶ್ರಿತರೆಂದಾಗ ನಮ್ಮ ಜಿಲ್ಲೆಯ ಬೈಲಕುಪ್ಪೆ ಕಣ್ಣ ಮುಂದೆ ಬರುತ್ತದೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರದ ಭೂಮಿಯಲ್ಲಿ ನೆಲೆಗೊಂಡ ಟಿಬೆಟನ್ನರಿಗೆ ಕಾಲ್ಚೆಂಡೆಂದರೆ ಪ್ರಾಣ. ಟಿಬೆಟ್ ಫಿಫಾ ಸದಸ್ಯ ರಾಷ್ಟ್ರವಲ್ಲ. ಆದರೂ 2001ರಲ್ಲಿ ಅವರ ತಂಡ ಕೋಪನ್‌ಹೇಗನ್ನಿನಲ್ಲಿ ಗ್ರೀನ್‌ಲೆಂಡಿನ ಮೇಲೆ ಆಡಿತು. ಹಾಗಾದರೆ ಬೈಲಕುಪ್ಪೆಯಲ್ಲಿ ಹುಟ್ಟಿದ ಹುಡುಗ ಯಾರಿಂದ ಟಿ.ಸಿ. ತರಬೇಕು? ಯಾರಿಂದಲೂ ಬೇಡ. ಬೇರೆಲ್ಲಿಯೂ ಹೆಸರು ಬರೆಸದವನಿಗೆ ವರ್ಗಾವಣೆಯೆಂಬುದೇ ಇಲ್ಲ. ಐದು ವರ್ಷ ಎಡೆಬಿಡದೆ ಇಲ್ಲಿ ವಾಸವಾಗಿದ್ದರೆ ಮೊದಲ ನೋಂದಣಿಗೆ ವಯಸ್ಸಿನ ತೊಡಕೂ ಇಲ್ಲ. ಭಾರತದ ತಂಡಕ್ಕೆ ಆಡಲು ಪೌರತ್ವ ಬೇಕು, ಅದು ಬೇರೆಯ ಕಥೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಟಿಬೆಟನ್ನರಿಗೂ ಇದು ಸಲ್ಲುತ್ತದೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. ಅನಂತರ ಹುಟ್ಟಿದವರ ವಿಷಯದಲ್ಲಿ ತಂದೆತಾಯಿಗಳ ಪೌರತ್ವ ನೋಡಬೇಕಾಗುತ್ತದೆ.

ಇನ್ನು ನಮ್ಮ ಬೀದಿಯ ಹುಡುಗನ ವಿಷಯ. ನಿವೃತ್ತಿಯ ಬಿಡುವಿನಲ್ಲಿ ಆ ನಿಯಮಾವಳಿಯನ್ನು, ಹಳೆಯ ಹಸ್ತಪ್ರತಿಯ ಪಾಠ ನೋಡುವ ಅಭ್ಯಾಸಬಲದಿಂದ, ಪದಪದವಾಗಿ ಓದಿದೆ. ಟಿ.ಸಿ. ಎಂಬ ಹೋಲಿಕೆಯೇ ನಮ್ಮನ್ನು ದಾರಿ ತಪ್ಪಿಸಿತ್ತು. ಶಾಲೆಯ ಟಿ.ಸಿ.ಯನ್ನು ನಾವು ಹೋಗಿ ತರುತ್ತೇವೆ. ಇದನ್ನು ಆಟಗಾರ ಕೇಳುವಂತೆಯೇ ಇಲ್ಲ. ಹೊಸ ಕ್ಲಬ್ಬಿನ ಮಾತಿನ ಮೇಲೆ ಹೊಸ ದೇಶದ ಸಂಘವೇ ಹಳೆಯ ದೇಶದ ಸಂಘವನ್ನು ಕೇಳಬೇಕು. ಹಾಗೆ ಕೇಳಿ ಮೂವತ್ತು ದಿನ ಉತ್ತರ ಬಾರದಿದ್ದರೆ ಹವ್ಯಾಸಿ ಆಟಗಾರನನ್ನು ತಾತ್ಕಾಲಿಕವಾಗಿ ನೋಂದಾಯಿಸಿಕೊಳ್ಳಬಹುದೆಂದು ಅಂದಿನ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೂರು ತಿಂಗಳು ಹುಡುಗ ಬರೆದ ಒಂದೊಂದು ಕಾಗದವೂ ಲೆಕ್ಕಕ್ಕೆ ಬಾರದ್ದು. ಆ ಮೂವತ್ತು ದಿನಗಳ ಎಣಿಕೆ ಮೊದಲಾಗಲೇ ಇಲ್ಲ.

ಅಷ್ಟರಲ್ಲಿ ಅವನು ಓದು ಮುಗಿಸಿ ಬೇರೊಂದು ದೇಶಕ್ಕೆ ಹೋಗಿಯಾಗಿತ್ತು. ನಾಚಿಕೆಯಿಂದಲೇ ವಿಷಯ ತಿಳಿಸಿ ಬರೆದೆ. ಅವನು ಕೋಪಿಸಿಕೊಳ್ಳಲಿಲ್ಲ. “ಸರ್, ನನ್ನ ಚಿಕ್ಕಪ್ಪನ ಮಗ ಮುಂದಿನ ವರ್ಷ ಮೈಸೂರಿಗೆ ಓದಲು ಬರುತ್ತಾನೆ. ಅವನೂ ಆಡುತ್ತಾನೆ. ಇದನ್ನು ಆ ಕಾರ್ಯದರ್ಶಿಗಳಿಗೆ ದಯವಿಟ್ಟು ಹೇಳಿ” ಎಂದು ಉತ್ತರಿಸಿದ. ಆ ನಿಯಮವನ್ನು ದಪ್ಪಕ್ಷರಗಳಲ್ಲಿ ಕನ್ನಡಕ್ಕೆ ಬರೆದು, ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ ಕೈಯಲ್ಲಿ ಕೊಟ್ಟು ಬಂದೆ.